ಜಾಮಾದ ಚಕ್ರದ ಬೇರಿಂಗ್: ಮನೆಯಲ್ಲೇ ಬದಲಿಸುವವರಿಗೆ

ಓಡುವಾಗ ಚಕ್ರದ ಕಡೆಯಿಂದ ಗೊರ್ರ್ ಎಂಬ ಸದ್ದು ಬಂದು, ವೇಗದ ಜೊತೆ ಅದೂ ಏರುತ್ತಿದ್ದರೆ ಬೇರಿಂಗ್ ಸವೆದಿರಬಹುದು. ಬಾಡಿಗೆ ಕಾರಿನಿಂದ ಸಂಸಾರ ನಡೆಸುವವರು "ಇನ್ನೊಂದು ಟ್ರಿಪ್ ಆಗ್ಲಿ" ಅಂತ ಮುಂದೂಡುತ್ತಾರೆ. ಪೂರ್ತಿ ಸವೆದರೆ ಚಕ್ರ ಬಿಗಿದು ನಿಲ್ಲಬಹುದು, ಕಳಚಲೂಬಹುದು.

ಮುಂದಿನ ಚಕ್ರದ ಕೆಲಸ ನೋಡೋಣ. ನಡುವಿನ ದೊಡ್ಡ ನಟ್ಟನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ. ಜಾಕಿ ಇರುವುದು ಎತ್ತಲಿಕ್ಕೆ ಮಾತ್ರ. ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಇಟ್ಟಿಗೆ ಜೋಡಿಸಬೇಡಿ, ಒಡೆಯುತ್ತದೆ.

ಹಬ್ ತೆಗೆದ ಮೇಲೂ ಬೇರಿಂಗ್ ಕದಲುವುದಿಲ್ಲವೇ? ಮೊದಲು ಸರ್ಕ್ಲಿಪ್ ತೆಗೆದಿದ್ದೀರಾ ನೋಡಿ. ಎಷ್ಟೋ ಸಲ ಅದನ್ನು ಬಿಟ್ಟೇ ಜನ ಬಡಿಯುತ್ತಿರುತ್ತಾರೆ! ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಇಡಿ. ಬಳಿಕ ಪುಲ್ಲರ್ ಹಾಕಿ. ಬೇರಿಂಗಿನ ಉಕ್ಕು ಬಹಳ ಗಡುಸು, ಸುತ್ತಿಗೆ ಏಟಿಗೆ ಚೂರು ಸಿಡಿದು ಕಣ್ಣಿಗೇ ಬರುತ್ತದೆ. ಕನ್ನಡಕವಿಲ್ಲದೆ ಕೈ ಹಾಕಲೇಬೇಡಿ. ಬೆಂಕಿ ಹಿಡಿಯುವುದೂ ಬೇಡ. ಗ್ರೀಸು, ಬ್ರೇಕಿನ ರಬ್ಬರ್ ಪೈಪು ಹತ್ತಿರದಲ್ಲೇ ಇರುತ್ತವೆ.

ಪ್ರೆಸ್ ಇಲ್ಲದಿದ್ದರೆ ನಕಲ್ ಬಿಚ್ಚಿ ವರ್ಕ್‌ಶಾಪಿಗೆ ಒಯ್ಯಿರಿ. ಒತ್ತುವ ಕೂಲಿಯಷ್ಟೇ ಖರ್ಚು. ನಮಗೆ ಇದೇ ಬುದ್ಧಿವಂತಿಕೆ ಅನಿಸುತ್ತದೆ.

ಹೊಸದನ್ನು ನಕಲ್ ಒಳಗೆ ಒತ್ತುವಾಗ ಹೊರಬಳೆಯ ಮೇಲೆಯೇ ಒತ್ತಬೇಕು. ಹಬ್ ಕೂರಿಸುವಾಗ ಒಳಬಳೆಗೆ ಆಸರೆ ಕೊಡಬೇಕು. ತಪ್ಪಿದರೆ ಗುಂಡುಗಳು ಬಳೆಯಲ್ಲಿ ಗುಳಿ ಮಾಡಿ, ಹೊಸ ಬೇರಿಂಗೂ ಸದ್ದು ಶುರುಮಾಡುತ್ತದೆ. ಕೊನೆಗೆ ಹೊಸ ನಟ್ ಹಾಕಿ, ಒಬ್ಬರು ಬ್ರೇಕ್ ತುಳಿದಿರಲಿ, ಕಾರಿನ ಪುಸ್ತಕ ಹೇಳಿದಷ್ಟೇ ಬಿಗಿ ಮಾಡಿ. ಅಲ್ಲಿಯವರೆಗೆ ಆ ಚಕ್ರದ ಮೇಲೆ ಕಾರಿನ ಭಾರ ಇಳಿಸಬೇಡಿ.