ಕಾಲೇಜಿನ ಹೊಸ್ತಿಲಲ್ಲಿ



ನಮ್ಮ ಶಾಲೆಯಿಂದ ಮುಂಬಯಿಯ ಕಾಲೇಜುಗಳಿಗೆ ಹೋದವರಲ್ಲಿ ಕೆಲವರು ಮರಳಿ ಬಂದು, ತಮ್ಮ ಇಂಗ್ಲಿಷಿನಲ್ಲಿ ಕನ್ನಡದ ಧಾಟಿ ಇಣುಕಿದೊಡನೆ ಹಿರಿಯ ವಿದ್ಯಾರ್ಥಿಗಳು ಅಣಕಿಸುವರೆಂದು ಹೇಳಿಕೊಂಡಿದ್ದಾರೆ. ವಿನೋದವೆಂದು ಸಹಿಸಿದೆವು ಎನ್ನುತ್ತಾರೆ. ನಿಯಮವಾದರೋ ಎಲ್ಲ ಅಣಕವನ್ನೂ ವಿನೋದವೆಂದು ಬಿಟ್ಟುಬಿಡುವುದಿಲ್ಲ.

ಹೊಸಬರನ್ನು ಪೀಡಿಸುವ ರ‍್ಯಾಗಿಂಗ್ ಪದ್ಧತಿಯನ್ನು ಮಹಾರಾಷ್ಟ್ರವು 1999ರ ಕಾಯಿದೆಯಿಂದ ನಿಷೇಧಿಸಿತು. ಅಪರಾಧಿಗೆ 2 ವರ್ಷಗಳವರೆಗೆ ಸೆರೆವಾಸ. ಕಾಲೇಜಿನಿಂದ ಹೊರಹಾಕಿದ ಮೇಲೆ 5 ವರ್ಷ ಬೇರೆಲ್ಲಿಯೂ ಪ್ರವೇಶವಿಲ್ಲ. ದೂರು ಬಂದಲ್ಲಿ ಪ್ರಾಂಶುಪಾಲರು 7 ದಿನಗಳೊಳಗೆ ವಿಚಾರಿಸತಕ್ಕದ್ದು. ಅಲಕ್ಷಿಸಿದರೆ ಅವರೂ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟಂತೆಯೇ. 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಇಡೀ ದೇಶಕ್ಕೆ ನಿಯಮಗಳನ್ನು ವಿಧಿಸಿತು. ಅದರ 2016ರ ತಿದ್ದುಪಡಿಯಂತೆ ಒಬ್ಬನ ಪ್ರಾಂತ, ಭಾಷೆ, ಜಾತಿ, ಮೈಬಣ್ಣ, ಬಡತನಗಳನ್ನು ಹಿಡಿದು ಹಿಂಸಿಸುವುದೂ ದೂರವಿಡುವುದೂ ರ‍್ಯಾಗಿಂಗೇ. ನಿಮ್ಮ ಕನ್ನಡಕ್ಕೂ ಅಲ್ಲಿ ರಕ್ಷಣೆಯುಂಟು.

ಪ್ರವೇಶಕಾಲದಲ್ಲಿ ವಿದ್ಯಾರ್ಥಿಯೂ ಪಾಲಕರೂ ಪ್ರಮಾಣಪತ್ರ ಬರೆದುಕೊಡಬೇಕು. ಅದನ್ನು ಓದದೆಯೇ ಸಹಿ ಮಾಡುವವರನ್ನು ನಾವು ಕಂಡಿದ್ದೇವೆ. ಇಂತಹ ಕೃತ್ಯವನ್ನು ಮಾಡುವುದಿಲ್ಲವೆಂಬುದಷ್ಟೇ ಅಲ್ಲ, ಮಾಡಬೇಕಾದುದನ್ನು ಮಾಡದೆ ಬಿಟ್ಟು ಅದಕ್ಕೆ ಇಂಬುಗೊಡುವುದಿಲ್ಲ ಎಂಬ ಮಾತೂ ಅದರಲ್ಲಿದೆ. ತಪ್ಪಿತಸ್ಥರ ಗುರುತು ಸಿಗದಿದ್ದಲ್ಲಿ ಸಾಮೂಹಿಕ ಶಿಕ್ಷೆಗೂ ನಿಯಮದಲ್ಲಿ ಎಡೆಯಿದೆ. ಇದು ಕಠಿಣವೆಂದು ನಮಗೂ ತೋರುತ್ತದೆ. ಆದರೆ ಎಲ್ಲರೂ ಬಾಯಿ ಮುಚ್ಚಿಕೊಂಡ ವಸತಿಗೃಹದಲ್ಲಿ ನರಳುವವನು ಹೊಸಬನೊಬ್ಬನೇ ಅಲ್ಲವೇ?

ದೂರು ಹೇಳಲು 1800-180-5522 ಎಂಬ ಉಚಿತ ದೂರವಾಣಿ ಹಗಲಿರುಳೂ ಇರುತ್ತದೆ. ನೋಟುಬುಕ್ಕಿನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿರಿ. ನಿಮಗಲ್ಲದಿದ್ದರೆ ಪಕ್ಕದ ಬೆಂಚಿನವನಿಗೆ ಬೇಕಾದೀತು.