ಕಿವಿ ಮಂದವಾದವರಿಗೆ ಚಿತ್ರಮಂದಿರ

ನಮ್ಮ ಕರಾವಳಿಯಲ್ಲಿ ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಎಂದರೆ 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮಲ್ಪೆಯ ದಕ್ಕೆಯಲ್ಲಿ ದೋಣಿಗಳು ಸಾಲುಗಟ್ಟಿ ನಿಲ್ಲುವ ಈ ಮಳೆಗಾಲವೇ ಕಡಲಿಗೆ ಹೋಗುವವರಿಗೆ ಉಡುಪಿಗೆ ಬಂದು ಚಲಚ್ಚಿತ್ರ ನೋಡಲು ಬಿಡುವಿನ ಕಾಲ. ಆದರೆ ವರ್ಷಾನುಗಟ್ಟಲೆ ಡೀಸೆಲ್ ಎಂಜಿನ್ನಿನ ಪಕ್ಕದಲ್ಲಿ ದುಡಿದವನಿಗೆ ಅಲ್ಲಿ ಒಂದು ವಿಚಿತ್ರ ತೊಡಕು ಎದುರಾಗಬಹುದು: ಶಬ್ದ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ಇದರ ಕಾರಣವನ್ನೂ ಪರಿಹಾರವನ್ನೂ ನಾವು ಇಲ್ಲಿ ವಿಚಾರಿಸೋಣ.

ಒಳಗಿವಿಯಲ್ಲಿ ಶಂಖಾಕೃತಿಯ ಒಂದು ನಾಳವಿದೆ. ಅದರೊಳಗಿನ ಸೂಕ್ಷ್ಮವಾದ ರೋಮಕೋಶಗಳು ಧ್ವನಿಯ ಕಂಪನವನ್ನು ನರಸಂದೇಶವಾಗಿ ಮಾರ್ಪಡಿಸುತ್ತವೆ. ದಿನಕ್ಕೆ 8 ಗಂಟೆಗಳ ಕಾಲ 85 ಡೆಸಿಬಲ್ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ಕಳೆದರೆ ಈ ಕೋಶಗಳು ನಶಿಸುವ ಭಯವಿದೆ. ಒಮ್ಮೆ ನಶಿಸಿದವು ಮರಳಿ ಹುಟ್ಟುವುದಿಲ್ಲ. ಹಾನಿಯು ಸಾಮಾನ್ಯವಾಗಿ ಸೆಕೆಂಡಿಗೆ 3000ದಿಂದ 6000 ಕಂಪನಗಳ ಎಡೆಯಲ್ಲಿ ಮೊದಲು ತೋರುತ್ತದೆ. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ಇದಕ್ಕಿಂತ ಕೆಳಗಿನ ಕಂಪನಗಳಲ್ಲಿದೆ. ‘ಸ’, ‘ಶ’, ‘ಚ’ ಮೊದಲಾದ ವ್ಯಂಜನಗಳ ಗುರುತು ಮೇಲಿನ ಕಂಪನಗಳಲ್ಲಿದೆ. ಆದುದರಿಂದ ‘ಸಾಲು’, ‘ಕಾಲು’, ‘ಹಾಲು’ ಎಂಬ ಮೂರು ಮಾತುಗಳೂ ಇಂಥವನಿಗೆ ‘ಆಲು’ ಎಂದೇ ಕೇಳಿಸಬಹುದು.

ಹಾಗಾದರೆ ಧ್ವನಿವರ್ಧಕವನ್ನು ಇನ್ನಷ್ಟು ಏರಿಸಿದರಾಗದೆ? ಆಗದು. ಏರಿಸಿದಾಗ ಮಾತಿನೊಡನೆ ಮದ್ದಳೆಯೂ ಮಳೆಯ ಸದ್ದೂ ಏರುತ್ತವೆ; ಗೋಡೆಗಳಿಂದ ಮರಳುವ ಅನುರಣನವೂ ಏರುತ್ತದೆ. ಮೇಲಾಗಿ, ಕೆಟ್ಟ ಕಿವಿಗೆ ಮೆಲುದನಿ ಕೇಳಿಸದಿದ್ದರೂ ಹಿರಿದನಿ ಬೇಗನೆ ಅಸಹ್ಯವಾಗುತ್ತದೆ. ಬೇಕಾದುದು ಹೆಚ್ಚು ಸದ್ದಲ್ಲ, ಹೆಚ್ಚು ಸ್ಪಷ್ಟತೆ.

ಇದಕ್ಕೆ ಭೌತವಿಜ್ಞಾನವು ಸರಳವಾದ ಉಪಾಯವೊಂದನ್ನು ಕೊಟ್ಟಿದೆ. ಮಂದಿರದ ನೆಲದ ಸುತ್ತ ಒಂದು ತಂತಿಯನ್ನು ಹಾಸಿ, ಚಿತ್ರದ ಧ್ವನಿಗೆ ಅನುಗುಣವಾಗಿ ಏರಿಳಿಯುವ ವಿದ್ಯುತ್ಪ್ರವಾಹವನ್ನು ಅದರಲ್ಲಿ ಹರಿಸುತ್ತಾರೆ. ತಂತಿಯ ಸುತ್ತ ಅದೇ ಲಯದಲ್ಲಿ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಅನೇಕ ಶ್ರವಣಯಂತ್ರಗಳೊಳಗೆ ಒಂದು ಪುಟ್ಟ ತಂತಿಸುರುಳಿಯಿರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ, ಬದಲಾಗುವ ಕ್ಷೇತ್ರವು ಆ ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸುತ್ತದೆ. ಯಂತ್ರವು ಅದನ್ನು ಮತ್ತೆ ಧ್ವನಿಯಾಗಿಸುತ್ತದೆ. ಪೆಟ್ಟಿಗೆಯಿಂದ ಕಿವಿಗೆ ಬರುವ ದಾರಿಯಲ್ಲಿ ಗಾಳಿಯೂ ಇಲ್ಲ, ಗೋಡೆಯೂ ಇಲ್ಲ, ನೆರೆಯವರ ಹರಟೆಯೂ ಇಲ್ಲ. ಹಿಂದಿನ ಸಾಲಿನಲ್ಲಿ ಕುಳಿತವನಿಗೂ ಪರದೆಯ ಮುಂದೆಯೇ ಕುಳಿತಂತೆ.

ಈ ಉಪಾಯಕ್ಕೆ ಮಿತಿಗಳಿಲ್ಲದಿಲ್ಲ. ಕಟ್ಟಡದ ಉಕ್ಕು ಕ್ಷೇತ್ರವನ್ನು ಕುಗ್ಗಿಸುತ್ತದೆ. ಒಂದೇ ಸೂರಿನಡಿ ಹಲವು ಪರದೆಗಳಿದ್ದರೆ ಒಂದರ ಮಾತು ಪಕ್ಕದ ಮಂದಿರಕ್ಕೆ ಸೋರೀತು. ಅಂಥಲ್ಲಿ ಅವರಕ್ತ ಕಿರಣಗಳ ಮೂಲಕ ಧ್ವನಿಯನ್ನು ಕಳುಹಿಸುವುದು ಲೇಸು. ಬೆಳಕಿನ ಜಾತಿಯ ಈ ಕಿರಣಗಳು ಗೋಡೆಯನ್ನು ದಾಟವು. ಆದರೆ ಪ್ರೇಕ್ಷಕನಿಗೆ ಬಾಗಿಲಲ್ಲಿ ಒಂದು ಗ್ರಾಹಕಯಂತ್ರವನ್ನು ಕೊಡಬೇಕಾಗುತ್ತದೆ.

ಇಷ್ಟು ಕಿವಿ ಮಂದವಾದವರ ಮಾತಾಯಿತು. ಪೂರ್ಣ ಕಿವುಡರಿಗೆ ಅಕ್ಷರವೇ ಆಧಾರ. ಮೂಕಿಚಿತ್ರಗಳ ಕಾಲದಲ್ಲಿ ದೃಶ್ಯಗಳ ನಡುವೆ ಬರಹದ ಫಲಕಗಳು ಬರುತ್ತಿದ್ದುವು; ಓದಬಲ್ಲ ಕಿವುಡನೂ ಉಳಿದವರೂ ಆಗ ಸಮಾನರು. 1934ರಲ್ಲಿ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆಕಂಡಿತು. ಕನ್ನಡಕ್ಕೆ ಅದು ಹಬ್ಬವೇ ಸರಿ. ಆದರೆ ಪರದೆಗೆ ಮಾತು ಬಂದಲ್ಲೆಲ್ಲ ಬರಹದ ಫಲಕಗಳು ಮಾಯವಾದುವು, ಕಿವುಡರ ಪಾಲಿಗೆ ಬಾಗಿಲು ಮುಚ್ಚಿತು. ಮೂಕಿಚಿತ್ರಗಳಲ್ಲಿ ನಟಿಸಿದ್ದ ಎಮರ್ಸನ್ ರೊಮೆರೊ ಎಂಬ ಕಿವುಡ ನಟನು 1947ರಲ್ಲಿ ಅಮೆರಿಕದಲ್ಲಿ ವಾಕ್ಚಿತ್ರಗಳ ನಡುವೆ ಮತ್ತೆ ಬರಹವನ್ನು ಸೇರಿಸಿ ತೋರಿಸಿದನು.

ಅಡಿಬರಹವೆಂದರೆ ಸಂಭಾಷಣೆಯಷ್ಟೇ ಅಲ್ಲ. 2022ರ ‘ಕಾಂತಾರ’ ಚಿತ್ರವನ್ನು ನೆನೆಯಿರಿ. ದೈವದ ಆ ಕೂಗಿಲ್ಲದೆ ಅದರ ಕೊನೆಯ ಭಾಗವಿಲ್ಲ. ಮಾತುಗಳನ್ನು ಮಾತ್ರ ಬರೆದರೆ ಕಿವುಡನಿಗೆ ಅಲ್ಲಿ ಬಾಯಿ ತೆರೆದ ಮುಖವೊಂದೇ ಕಾಣುತ್ತದೆ. ಯಾರು ಕೂಗಿದರು, ಎತ್ತಣಿಂದ ಸದ್ದು ಬಂತು, ಡೋಲು ಯಾವಾಗ ನಿಂತಿತು ಎಂಬುದನ್ನೂ ಬರೆಯಬೇಕು. ಅದೂ ಕನ್ನಡದಲ್ಲಿರಬೇಕು, ಕನ್ನಡವನ್ನಷ್ಟೇ ಓದಬಲ್ಲ ತಾಂಡೇಲನಿಗೆ ಇಂಗ್ಲಿಷ್ ಅಡಿಬರಹದಿಂದ ಏನು ಪ್ರಯೋಜನ? ತುಳು ಚಿತ್ರಗಳಿಗೂ ಈ ಮಾತು ಸಲ್ಲುತ್ತದೆ. ಸಂಜ್ಞಾಭಾಷೆಯಲ್ಲಿ ಬೆಳೆದವರಿಗೆ ಕನ್ನಡವೂ ಕಲಿತ ಎರಡನೆಯ ಭಾಷೆಯಾದುದರಿಂದ, ಸಾಲುಗಳು ಚಿಕ್ಕವಾಗಿದ್ದು ಓದುವಷ್ಟು ಹೊತ್ತು ನಿಲ್ಲಬೇಕು.

ಇದು ಈಗ ಕೇವಲ ದಯೆಯ ವಿಷಯವಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯನ್ನು ಅನುಸರಿಸಿ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯವು 2024ರ ಮಾರ್ಚ್ 15ರಂದು ಚಿತ್ರಮಂದಿರಗಳಲ್ಲಿ ಶ್ರವಣದೋಷ ಮತ್ತು ದೃಷ್ಟಿದೋಷವುಳ್ಳವರ ಅನುಕೂಲಕ್ಕಾಗಿ ಮಾರ್ಗಸೂಚಿಗಳನ್ನು ಹೊರಡಿಸಿತು. ಆದರೆ ಬರಹವಿರುವ ಚಿತ್ರವು ಬಂದರಷ್ಟೇ ಸಾಲದು. ಮಂದಿರದವರು ಅದನ್ನು ತೋರಿಸಬೇಕು, ಯಾವ ಪ್ರದರ್ಶನದಲ್ಲಿ ತೋರಿಸುವರೆಂದು ಮೊದಲೇ ಸಾರಬೇಕು.

ಕಿವಿಯ ಪರೀಕ್ಷೆಗೆ ನಮ್ಮವರು ದೂರ ಹೋಗಬೇಕಾಗಿಲ್ಲ. 1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಹತ್ತಿರದ ಮಣಿಪಾಲದಲ್ಲಿಯೂ ವಾಕ್ ಮತ್ತು ಶ್ರವಣ ವಿಭಾಗವಿದೆ. ಶ್ರವಣಯಂತ್ರವನ್ನು ಕೊಳ್ಳುವಾಗ ಅದರಲ್ಲಿ ತಂತಿಸುರುಳಿ ಇದೆಯೇ ಎಂದು ಕೇಳಿ ನೋಡುವುದು ಒಳ್ಳೆಯದು. ಚಿತ್ರಮಂದಿರದ ಒಡೆಯರು ತಂತಿ ಹಾಸಿದ ಮೇಲೆ ಶ್ರವಣಯಂತ್ರ ಧರಿಸುವವರನ್ನೇ ಕರೆದು ಸಾಲುಸಾಲಿಗೂ ಕೂರಿಸಿ ಪರೀಕ್ಷಿಸಲಿ. ವಾರಕ್ಕೊಂದಾದರೂ ಕನ್ನಡ ಅಡಿಬರಹದ ಪ್ರದರ್ಶನವಿರಲಿ. ಕಡಲಿನ ದುಡಿಮೆಗೆ ಕಿವಿಯನ್ನು ತೆತ್ತವನು ಬಿಡುವಿನ ಎರಡು ತಿಂಗಳಲ್ಲಿ ಹೆಂಡತಿ ಮಕ್ಕಳೊಡನೆ ಕುಳಿತು, ಅವರು ನಕ್ಕಾಗಲೇ ತಾನೂ ನಗುವಂತಾಗಲು ಇಷ್ಟು ಏರ್ಪಾಡು ದೊಡ್ಡದೇನಲ್ಲ.