ಕಾಗದದಲ್ಲಿದ್ದ ಬೀಜದ ಸಾಲ

ಹಿಂದೂಪುರದ ಕನ್ನಡ ಕತೆಗಾರರೊಬ್ಬರು ಕಲ್ಯಾಣದುರ್ಗದ ಗೆಳೆಯರಿಗೆ ಬರೆದ ಕಾಗದವನ್ನು ನಾವು ಕಿರುಚಿತ್ರ ಮಾಡಿದೆವು. ಹೆಸರು ಹೇಳಬಾರದೆಂಬುದು ಮನೆಯವರ ಷರತ್ತು. ಇನ್‌ಲ್ಯಾಂಡ್ ಲೆಟರಿನ ಅಂಚನ್ನೂ ಬಿಡದೆ ಬರೆದಿದ್ದರು: ಮಳೆ ಕೈಕೊಟ್ಟದ್ದು, ಕಡಲೆಕಾಯಿ ಬೀಜಕ್ಕೆ ಮಾಡಿದ ಸಾಲ, ಮಂಡಿಯಲ್ಲಿ ಹುಣಸೆಹಣ್ಣಿನ ದರ, ತಂಗಿಗೆ ನೋಡಿದ ಸಂಬಂಧ. ನಡುವೆ ಸಾಹಿತ್ಯದ ಬಗ್ಗೆ ಒಂದು ದೊಡ್ಡ ಮಾತು.

ತಂಡದ ಎಲ್ಲರ ಕಣ್ಣೂ ಆ ದೊಡ್ಡ ಮಾತಿನ ಮೇಲಿತ್ತು. ಓದಿಸಿ ಕೇಳಿದರೆ ಅದು ಸಭೆಯ ಭಾಷಣ. ಬೀಜದ ಸಾಲಕ್ಕೆ ಬಂದಾಗ ಮಾತ್ರ ದನಿ ತಗ್ಗಿತು, ಎದುರಿಗೆ ಗೆಳೆಯನಿದ್ದಾನೆ ಅನ್ನಿಸಿತು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ಅನಂತಪುರ ಸೀಮೆಯಲ್ಲಿ ಆ ಸಾಲ ಸಣ್ಣ ಸಂಗತಿಯಲ್ಲ. ದೊಡ್ಡ ಮಾತನ್ನು ತೆಗೆದೆವು, ಸಾಲವನ್ನು ಉಳಿಸಿಕೊಂಡೆವು. ಬೆಲ್ಜಿಯಂನ ಶಾಂತಾಲ್ ಅಕರ್ಮನ್ 1970ರ ದಶಕದಲ್ಲಿ ಮಾಡಿದ ‘ನ್ಯೂಸ್ ಫ್ರಮ್ ಹೋಮ್’ ನನಗೆ ಧೈರ್ಯ ಕೊಟ್ಟಿತು. ನ್ಯೂಯಾರ್ಕಿನ ಬೀದಿಗಳನ್ನು ತೋರಿಸುತ್ತ ಆಕೆ ತಾಯಿಯ ಕಾಗದಗಳನ್ನು ಓದುತ್ತಾರೆ. ಅವುಗಳಲ್ಲಿರುವುದೂ ಆರೋಗ್ಯ, ನೆಂಟರು, ಮನೆಯ ಸುದ್ದಿಯೇ.

ಹಿಂದೂಪುರಕ್ಕೆ ಹೋದವರಿಗೆ ಲೇಪಾಕ್ಷಿಯ ಬಸವನನ್ನು ಸೆರೆಹಿಡಿಯುವ ಆಸೆ ಸಹಜ. ಕಾಗದದಲ್ಲಿ ಅದರ ಸೊಲ್ಲಿಲ್ಲ, ಬಿಟ್ಟೆವು. ದಾರಿಯನ್ನು ಮಾತ್ರ ಬಿಡಲಿಲ್ಲ. ಮಡಕಶಿರಾ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೊರಟರೆ ಆಂಧ್ರದಿಂದ ಕರ್ನಾಟಕಕ್ಕೆ ಬಂದು ಮತ್ತೆ ಆಂಧ್ರ ಹೊಗಬೇಕು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತ ಸುಮಾರು 13,000 ಎಕರೆ ಸೌರ ಪಾರ್ಕ್, ರೈತರಿಂದ ಗುತ್ತಿಗೆಗೆ ಪಡೆದ ಹೊಲ. ಮಳೆಗೆ ಕಾದ ಮಾತು ಕೇಳುವಾಗ ತೆರೆಯ ಮೇಲೆ ಆ ಫಲಕಗಳನ್ನೇ ಇಟ್ಟೆವು. ಹಳೆಯ ಕಾಲವನ್ನು ವೇಷ ಹಾಕಿಸಿ ನಿಲ್ಲಿಸುವುದಕ್ಕಿಂತ ಇದೇ ಸರಿ ಎಂದು ಈಗಲೂ ನಂಬಿದ್ದೇನೆ. ಒಂದು ಕಾಲದ ಬಯಕೆ, ಇನ್ನೊಂದು ಕಾಲದ ನೆಲ, ಎರಡೂ ಒಟ್ಟಿಗೆ ಕಂಡವು.

ತಂಗಿಯ ಸಂಬಂಧದ ಸಾಲುಗಳನ್ನು ಮನೆಯವರು ಬೇಡವೆಂದರು. ಚಿತ್ರಕ್ಕೆ ಅವು ಬೇಕಿದ್ದವು. ಆದರೂ ತೆಗೆದೆವು, ಆ ಮಾತು ಗೆಳೆಯನೊಬ್ಬನಿಗೆ ಹೇಳಿದ್ದು.

ನಿಮ್ಮ ಅಟ್ಟದ ಮೇಲೂ ಇಂಥ ಕಾಗದಗಳಿರಬಹುದು. ರದ್ದಿಗೆ ಹಾಕಬೇಡಿ. ಚಿತ್ರ ಮಾಡುವುದಾದರೆ ಇದು ತಿಳಿದಿರಲಿ: ಕಾಗದ ಕೈಯಲ್ಲಿದ್ದವರ ಸ್ವತ್ತಾದರೂ ಅದರ ಬರಹದ ಹಕ್ಕು ಬರೆದವರದು, ಅವರು ತೀರಿಕೊಂಡ ಮೇಲೆ ವಾರಸುದಾರರದು. ಮೊದಲು ಅವರ ಮನೆಗೆ ಹೋಗಿ, ಇಡೀ ಕಾಗದವನ್ನು ಅವರೆದುರು ಓದಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ.